ಮಗುವಿನ ಹಕ್ಕು, ತಾಯಿಯ ಸುರಕ್ಷೆ
(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಸಲಾತ್ ಮತ್ತು ಸಲಾಮ್ ಪ್ರವಾದಿ ಮುಹಮ್ಮದ್(ಸ)ರ ಮೇಲಿರಲಿ.



ತಲಾಕ್ ಅಥವಾ ಖುಲಾದಿಂದ ಗಂಡ ಹೆಂಡತಿಯ ಸಂಬಂಧ ಮುಗಿಯುತ್ತದೆ. ತಂದೆ ಮಕ್ಕಳ ಸಂಬಂಧ ಮುಗಿಯುವುದಿಲ್ಲ. ಮಕ್ಕಳ ಅನ್ನ, ಬಟ್ಟೆ, ಔಷಧ, ಶಾಲೆಯ ಖರ್ಚು ತಂದೆಯ ಹೊಣೆ. ಇದನ್ನು ನಾವು ಮಿಂಬರ್‌ನಿಂದ ಹಲವು ಸಲ ಹೇಳಿದ್ದೇವೆ. ಆದರೆ ಹೊಡೆಯುವ, ಬೆದರಿಸುವ ಗಂಡನಿಂದ ಬಿಡಿಸಿಕೊಂಡು ಬಂದ ತಾಯಿ ಆ ಖರ್ಚನ್ನು ಕೇಳಲು ಹೋದಾಗ ಅವಳ ಗತಿ ಏನಾಗುತ್ತದೆ ಎಂದು ನಾವು ಮಾತನಾಡಿದ್ದು ಕಡಿಮೆ. ಇಂದು ಅದನ್ನೇ ಮಾತನಾಡೋಣ.

ಅಲ್ ಬಕರಾ ಅಧ್ಯಾಯದ 233ನೇ ಸೂಕ್ತವನ್ನು ಗಮನಿಸಿ. ಹಾಲುಣಿಸುವ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ಅಲ್ಲಾಹನು ತಂದೆಯ ಮೇಲೆ ಹೊರಿಸಿದ್ದಾನೆ. ಅದೇ ಸೂಕ್ತದಲ್ಲಿ, ಮಗುವನ್ನು ಮುಂದಿಟ್ಟುಕೊಂಡು ತಾಯಿಗೆ ಹಾನಿ ಮಾಡುವುದನ್ನೂ ತಂದೆಗೆ ಹಾನಿ ಮಾಡುವುದನ್ನೂ ತಡೆದಿದ್ದಾನೆ. ಖರ್ಚು ಮತ್ತು ಸುರಕ್ಷೆ ಒಂದೇ ಸೂಕ್ತದಲ್ಲಿವೆ. ಒಂದನ್ನು ಕೊಡಿಸಲು ಹೋಗಿ ಇನ್ನೊಂದನ್ನು ಕಳೆಯುವ ಅಧಿಕಾರ ನಮಗಿಲ್ಲ.

ಅಂತಹ ತಪ್ಪು ನಮ್ಮಿಂದಲೇ ಆಗಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ಸಹೋದರಿಯ ವಿಷಯ ನಮ್ಮ ಮುಂದೆ ಬಂತು. ನಾವು ಇಬ್ಬರನ್ನೂ ಎದುರುಬದುರು ಕೂರಿಸಿ, ತಿಂಗಳಿಗೆ 3,000 ರೂಪಾಯಿಯನ್ನು ಆತ ಅವಳ ಮನೆಗೇ ತಲುಪಿಸಬೇಕೆಂದು ಬರೆಸಿದೆವು. ಅವಳ ಬಾಡಿಗೆ ಮನೆಯ ವಿಳಾಸವೂ ಆ ಕಾಗದದಲ್ಲಿತ್ತು. ನ್ಯಾಯ ಮಾಡಿದೆವೆಂದು ತೃಪ್ತಿಪಟ್ಟೆವು. ಆತ ತಿಂಗಳು ತಿಂಗಳು ಹೋದ. ಐನೂರು ಕೊಟ್ಟು, ಬಾಗಿಲಲ್ಲಿ ನಿಂತು ಬೈದು, ಒಮ್ಮೆ ಕೈಯೂ ಎತ್ತಿದ. ಕೊನೆಗೆ ಆಕೆ ಬಂದು ಹೇಳಿದ್ದು ಇಷ್ಟೇ: “ಹಜ್ರತ್, ಆ ಹಣವೇ ಬೇಡ. ಅವರು ಬಾರದಿದ್ದರೆ ಸಾಕು.”

ಆ ಮಗುವಿನ ಹಕ್ಕು ಹಾಗೆ ಕೈತಪ್ಪಿತು. ಅವಳ ವಿಳಾಸ ಅವನ ಕೈ ಸೇರಿದ್ದು ನಮ್ಮ ಕಾಗದದಿಂದ. ಇದಕ್ಕೆ ನಾವು ಅಲ್ಲಾಹನ ಮುಂದೆ ಉತ್ತರ ಹೇಳಬೇಕು.

ಪ್ರವಾದಿಯವರ(ಸ) ಮಾದರಿ ಹೀಗಿರಲಿಲ್ಲ. ಹಿಂದ್(ರ) ತನ್ನ ಪತಿ ಅಬೂಸುಫ್ಯಾನ್ ಸಾಕಷ್ಟು ಖರ್ಚು ಕೊಡುವುದಿಲ್ಲವೆಂದು ದೂರಿದಾಗ, ಮನೆಯ ಮಾತನ್ನು ಹೊರಗೆ ತಂದೆ ಎಂದು ಪ್ರವಾದಿ(ಸ) ಗದರಲಿಲ್ಲ. ತನಗೂ ಮಕ್ಕಳಿಗೂ ನ್ಯಾಯವಾಗಿ ಸಾಕಾಗುವಷ್ಟನ್ನು ಪತಿಯ ಹಣದಿಂದ ತೆಗೆದುಕೊಳ್ಳಲು ಅನುಮತಿಸಿದರು. ತಲಾಕ್ ಆದ ಫಾತಿಮಾ ಬಿಂತ್ ಕೈಸ್(ರ), ತಾನಿರುವ ಮನೆಗೆ ಯಾರಾದರೂ ನುಗ್ಗಿಯಾರೆಂಬ ಭಯ ಹೇಳಿಕೊಂಡಾಗ ಬೇರೆ ಕಡೆಗೆ ಹೋಗಲು ಅಪ್ಪಣೆಯಿತ್ತರು. ಹೆಣ್ಣಿನ ಭಯವನ್ನು ಅವರು ಹಗುರವಾಗಿ ಕಾಣಲಿಲ್ಲ. ಸಹೀಹ್ ಮುಸ್ಲಿಮ್‌ನಲ್ಲಿ ಈ ವರದಿಯಿದೆ.

ಆದ್ದರಿಂದ ಜಮಾಅತ್ ಕಮಿಟಿಗಳು ಕೆಲವು ವಿಷಯಗಳನ್ನು ನಿಯಮ ಮಾಡಿಕೊಳ್ಳಲಿ. ಹೊಡೆತದ ದೂರಿದ್ದರೆ ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಬೇಡಿ. ಆಕೆಯ ವಿಳಾಸ, ಹೊಸ ಫೋನ್ ನಂಬರ್ ಯಾರಿಗೂ ಕೊಡಬೇಡಿ. ಹಣ ಬ್ಯಾಂಕ್ ಖಾತೆಗೇ ಹೋಗಲಿ. ಅದಕ್ಕೆ ದಾಖಲೆಯೂ ಉಳಿಯುತ್ತದೆ. ತಂದೆ ಮಗುವನ್ನು ನೋಡಬೇಕಾದರೆ ಮೂರನೆಯವರ ಸಮ್ಮುಖದಲ್ಲಿ ನೋಡಲಿ, ತಾಯಿಯ ಮನೆಯಲ್ಲಿ ಬೇಡ. “ಅಪ್ಪನ ಹತ್ತಿರ ಫೀಸ್ ಕೇಳಿಕೊಂಡು ಬಾ” ಎಂದು ಮಗುವನ್ನು ಎಂದೂ ಕಳುಹಿಸಬೇಡಿ.

ಸಹೋದರಿಯರೇ, ಕೋರ್ಟಿಗೆ ಹೋದರೆ ಸಮುದಾಯದ ಮಾನ ಹೋಗುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಒಂದೇ ಅರ್ಜಿಯಲ್ಲಿ ನಿಮ್ಮ ರಕ್ಷಣೆ, ಮಕ್ಕಳ ಖರ್ಚು, ಮಕ್ಕಳು ತಾತ್ಕಾಲಿಕವಾಗಿ ನಿಮ್ಮ ಬಳಿಯೇ ಇರುವ ಆದೇಶ, ಮೂರನ್ನೂ ಕೇಳಬಹುದು. ಗಂಡನ ಊರಿಗೇ ಹೋಗಬೇಕೆಂದಿಲ್ಲ, ಈಗ ತಂಗಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಆತ ನಿಮ್ಮ ಕೆಲಸದ ಜಾಗಕ್ಕೆ, ಮಗುವಿನ ಶಾಲೆಗೆ ಬಾರದಂತೆ, ಫೋನ್ ಮಾಡದಂತೆ ಮ್ಯಾಜಿಸ್ಟ್ರೇಟರು ತಡೆಯಬಹುದು. ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ತಲಾಕ್ ಆದ ಮುಸ್ಲಿಮ್ ತಾಯಿಯ ಮಕ್ಕಳಿಗೂ ತಂದೆಯಿಂದ ಜೀವನಾಂಶ ಪಡೆಯುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅದರ ನಂಬರ್ 15100. ಮಹಿಳಾ ಸಹಾಯವಾಣಿ 181. ಪ್ರಾಣಭಯವಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ.

ಅರ್ಜಿ ಹಾಕುವ ಮುಂಚೆಯೇ ಸ್ವಲ್ಪ ತಯಾರಿ ಮಾಡಿಕೊಳ್ಳಿ. ನೋಟಿಸ್ ತಲುಪಿದ ದಿನ ಆತನ ಸಿಟ್ಟು ಹೆಚ್ಚಾಗಬಹುದು. ನಿಕಾಹ್‌ನಾಮಾ, ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಆಸ್ಪತ್ರೆಯ ಚೀಟಿಗಳ ಪ್ರತಿಯನ್ನು ನಂಬಿಕಸ್ತರ ಮನೆಯಲ್ಲಿಡಿ. ಬೆದರಿಕೆಯ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ಫೋನಿನ ಪಾಸ್‌ವರ್ಡ್ ಬದಲಿಸಿ, ಲೊಕೇಶನ್ ಆತನಿಗೆ ಕಾಣದಂತೆ ನೋಡಿಕೊಳ್ಳಿ. ಮಗುವನ್ನು ಯಾರ ಜೊತೆ ಕಳುಹಿಸಬಹುದೆಂದು ಶಾಲೆಗೆ ಬರೆದು ತಿಳಿಸಿ. ಕೋರ್ಟಿಗೆ ಒಬ್ಬರೇ ಹೋಗಬೇಡಿ.

ತಂದೆಯರೇ, ಮಕ್ಕಳ ಖರ್ಚು ನೀವು ಅವರ ತಾಯಿಗೆ ಮಾಡುವ ಉಪಕಾರವಲ್ಲ, ಅದು ಮಗುವಿನ ಹಕ್ಕು. ತಾಯಿ ಹೆದರಿ ಬೇಡವೆಂದರೂ ಅದು ಮನ್ನಾ ಆಗುವುದಿಲ್ಲ. ಹೆದರಿಸಿ ಬಿಡಿಸಿಕೊಂಡ ಸಾಲ ತೀರಿದ ಸಾಲವಲ್ಲ. ಕಿಯಾಮತ್ ದಿನ ಅದರ ಲೆಕ್ಕವಿದೆ. ಹಾಗೆಯೇ ಸರಿಯಾಗಿ ಖರ್ಚು ಕೊಡುವ, ಯಾರಿಗೂ ಹಾನಿ ಮಾಡದ ತಂದೆಯಿಂದ ಮಗುವನ್ನು ಸೇಡಿಗಾಗಿ ದೂರವಿಡುವುದೂ ಆ ಸೂಕ್ತಕ್ಕೆ ವಿರುದ್ಧ.

ಆ ಸಹೋದರಿ ಈಗ ಬೇರೆ ಊರಿನಲ್ಲಿದ್ದಾಳೆ. ಕೋರ್ಟಿನ ಆದೇಶದಂತೆ ಹಣ ಖಾತೆಗೆ ಬರುತ್ತಿದೆ. ಎಲ್ಲಿದ್ದಾಳೆಂದು ನಾವು ಕೇಳಿಲ್ಲ, ಕೇಳುವುದೂ ಇಲ್ಲ.

ಅಲ್ಲಾಹನು ನಮ್ಮ ತಪ್ಪನ್ನು ಕ್ಷಮಿಸಲಿ. ಭಯದಲ್ಲಿರುವ ತಾಯಂದಿರಿಗೆ, ಮಕ್ಕಳಿಗೆ ನೆಮ್ಮದಿಯ ಸೂರು ಕೊಡಲಿ. ಅವರಿಗೆ ಆಸರೆಯಾಗುವ ತೌಫೀಕ್ ನಮಗೆ ನೀಡಲಿ. ಆಮೀನ್.