ಸಂಯಮ: ಲಗಾಮು ಯಾರ ಕೈಯಲ್ಲಿದೆ?

ಇವತ್ತು ಒಂದೇ ಒಂದು ಪದ ಹಿಡಿದು ಮಾತಾಡೋಣ ಅಂದ್ಕೊಂಡಿದೀನಿ: ಸಂಯಮ. ನಾನು ಭಾಷಾ ವಿದ್ವಾಂಸ ಅಲ್ಲ, ಪುಣೆಯಲ್ಲಿ ಕೋಡ್ ಬರೆದು ಬದುಕುವವನು. ಆದರೆ ಈ ಪದವನ್ನು ನಮಗೆ ಬಹಳ ಜನ ಹೇಳ್ತಾರೆ. ಆಫೀಸಿನಲ್ಲಿ ಹೇಳ್ತಾರೆ, ಮನೆಯಲ್ಲಿ ಹೇಳ್ತಾರೆ, ಗಡಿ ಗಲಾಟೆ ಆದಾಗ ಎರಡೂ ಕಡೆಯ ನಾಯಕರು ಹೇಳ್ತಾರೆ. ಎಲ್ಲರೂ ಒಂದೇ ಅರ್ಥದಲ್ಲಿ ಹೇಳ್ತಾರಾ? ನೋಡೋಣ.

ಸಂಸ್ಕೃತದಲ್ಲಿ ‘ಯಮ್’ ಅಂತ ಒಂದು ಧಾತು ಇದೆ. ಹಿಡಿದು ನಿಲ್ಲಿಸು, ಅಂಕೆಯಲ್ಲಿಡು ಅಂತ ಅರ್ಥ. ನಿಯಮ, ಸಂಯಮ, ವ್ಯಾಯಾಮ, ಪ್ರಾಣಾಯಾಮ ಎಲ್ಲ ಅದರಿಂದ ಬಂದವು. ನಮ್ಮಂಥ ಎಂಜಿನಿಯರುಗಳಿಗೆ ಖುಷಿ ಕೊಡೋ ವಿಷಯ ಅಂದ್ರೆ ‘ಯಂತ್ರ’ವೂ ಅದೇ ಮನೆತನದ್ದು. ಹಿಡಿದಿಡುವ ಸಾಧನ ಯಂತ್ರ. ಹಬೆಯನ್ನು ಸುಮ್ಮನೆ ಬಿಟ್ಟರೆ ಗಾಳಿಗೆ ಹೋಗುತ್ತೆ, ಸಿಲಿಂಡರಿನೊಳಗೆ ಹಿಡಿದರೆ ರೈಲು ಎಳೆಯುತ್ತೆ. ಪತಂಜಲಿಯ ಯೋಗಸೂತ್ರದಲ್ಲಿ ಧಾರಣೆ, ಧ್ಯಾನ, ಸಮಾಧಿ ಈ ಮೂರೂ ಒಂದೇ ವಿಷಯದ ಮೇಲೆ ಕೂಡಿದಾಗ ಅದಕ್ಕೆ ಸಂಯಮ ಅಂತ ಹೆಸರು. ಅಂದರೆ ಸಂಯಮ ಅನ್ನೋದು ಶಕ್ತಿಯನ್ನು ಸಾಯಿಸೋದಲ್ಲ, ಒಂದು ಕಡೆ ಕೂಡಿಸೋದು.

ಇನ್ನು ‘ನಿಗ್ರಹ’. ಇದರ ಮೂಲ ‘ಗ್ರಹ್’, ಅಂದರೆ ಹಿಡಿ. ಸಂಗ್ರಹ, ಅನುಗ್ರಹ ಇದರ ಅಣ್ಣತಮ್ಮಂದಿರು. ಇಂದ್ರಿಯನಿಗ್ರಹ ಅಂತೀವಿ, ಹಾಗೇ ‘ಭ್ರಷ್ಟಾಚಾರ ನಿಗ್ರಹ ದಳ’ ಅಂತಲೂ ಅಂತಿದ್ವಿ. ‘ಸಂಯಮ ದಳ’ ಅಂತ ಯಾವ ಸರ್ಕಾರವೂ ಕಟ್ಟೋದಿಲ್ಲ. ನಿಗ್ರಹವನ್ನು ಹೊರಗಿನವರೂ ಮಾಡಬಹುದು. ಸಂಯಮವನ್ನು ತಾನೇ ಮಾಡ್ಕೋಬೇಕು. ‘ದಮ’ ಮತ್ತು ‘ದಮನ’ ನೋಡಿ. ಒಂದೇ ಧಾತು. ದಮ ಅಂದರೆ ತನ್ನನ್ನು ತಾನು ಹತೋಟಿಯಲ್ಲಿಡೋದು, ದಮನ ಅಂದರೆ ನಮ್ಮ ಬಳಕೆಯಲ್ಲಿ ಇನ್ನೊಬ್ಬರನ್ನು ತುಳಿಯೋದು. ಕೈ ಬದಲಾಯ್ತು, ಅರ್ಥವೇ ತಲೆಕೆಳಗಾಯ್ತು.

ನಮ್ಮ ದಿನದ ಕನ್ನಡಕ್ಕೆ ಬನ್ನಿ. ಕುದುರೆಗೆ ಕಡಿವಾಣ, ಲಗಾಮು. ಎತ್ತಿಗೆ ಮೂಗುದಾರ. ಆನೆಗೆ ಅಂಕುಶ. ಒಂದು ಗಮನಿಸಿ, ಇವೆಲ್ಲ ಬಲ ಇರೋ ಪ್ರಾಣಿಗಳಿಗೆ. ಕುರಿಗೆ ಯಾರೂ ಲಗಾಮು ಹಾಕೋದಿಲ್ಲ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂದು ಕಥೆ ಇದೆ. ದೇವತೆಗಳು, ಮನುಷ್ಯರು, ಅಸುರರು ಮೂವರೂ ಪ್ರಜಾಪತಿಯ ಹತ್ತಿರ ಉಪದೇಶ ಕೇಳ್ತಾರೆ. ಆತ ಮೂವರಿಗೂ ‘ದ’ ಅಂತ ಒಂದೇ ಅಕ್ಷರ ಹೇಳ್ತಾನೆ. ಅಸುರರಿಗೆ ಅದು ದಯೆ ಅಂತ ಕೇಳಿಸುತ್ತೆ, ಮನುಷ್ಯರಿಗೆ ದಾನ ಅಂತ, ದೇವತೆಗಳಿಗೆ ದಮ ಅಂತ. ಮೂವರೂ ಸರಿಯಾಗೇ ಅರ್ಥ ಮಾಡ್ಕೊಂಡ್ರಿ ಅಂತಾನೆ ಪ್ರಜಾಪತಿ. ನಾನು ಇದನ್ನು ಓದ್ಕೊಳ್ಳೋದು ಹೀಗೆ: ಯಾರ ಹತ್ತಿರ ಸುಖ, ಅಧಿಕಾರ ಎಲ್ಲ ಇದೆಯೋ ಅವರಿಗೇ ದಮದ ಪಾಠ.

ಆದರೆ ನಮ್ಮ ಆಫೀಸುಗಳಲ್ಲಿ ಇದು ಉಲ್ಟಾ. ಕೊಪ್ಪಳದ ಕಡೆಯ ಒಬ್ಬ ಹುಡುಗ ನನಗೆ ಪರಿಚಯ. ಅವನ ಮ್ಯಾನೇಜರ್ ದಿನಾ ಬೆಳಿಗ್ಗೆ ಕಾಲ್‌ನಲ್ಲಿ ಹತ್ತು ಜನರ ಮುಂದೆ ಅವನ ಮೇಲೆ ಕೂಗಾಡೋರು. ಹುಡುಗ ಸುಮ್ಮನಿರ್ತಿದ್ದ. ‘ಎಷ್ಟು ಸಂಯಮ ನೋಡಿ’ ಅಂತ ಎಲ್ಲರೂ ಹೊಗಳೋರು. ಅವನು ನನಗೆ ಹೇಳಿದ್ದು ಬೇರೆ: “ಸಂಯಮ ಅಲ್ರಿ ಸರ, ಅಂಜಿಕಿ. ಮನಿ ಸಾಲದ ಕಂತು ಐತಿ, ಅದಕ್ಕ ಬಾಯಿ ಮುಚ್ಕೊಂಡೀನಿ.”

ಆ ಮಾತಿನಲ್ಲಿ ಎಲ್ಲ ಇದೆ. ಲಗಾಮು ಅವನ ಕೈಯಲ್ಲಿ ಇರಲಿಲ್ಲ. ಅಂಥ ಮೌನಕ್ಕೆ ಸಂಯಮ ಅಂತ ಹೆಸರಿಟ್ಟರೆ ನಾವು ಕೂಗಾಡೋರ ಕೆಲಸ ಸಲೀಸು ಮಾಡಿಕೊಟ್ಟ ಹಾಗೆ. ಮುಂದೆ ಒಂದು ದಿನ ಅವನು ಎಚ್‌ಆರ್‌ಗೆ ಮೇಲ್ ಬರೆದ. ಯಾವ ತಾರೀಖು, ಏನು ಮಾತು, ಯಾರ ಮುಂದೆ, ಇಷ್ಟೇ. ಒಂದೂ ಬೈಗುಳ ಇಲ್ಲ. ಎರಡು ತಿಂಗಳಲ್ಲಿ ಬೇರೆ ಟೀಮ್ ಸಿಕ್ತು. ನನ್ನ ಪ್ರಕಾರ ಸಂಯಮ ಶುರುವಾಗಿದ್ದು ಆ ಮೇಲ್‌ನಲ್ಲಿ.

ಈಗ ನಮ್ಮ ಕೈಯಲ್ಲಿ ಬಲ ಇರೋ ಸಂದರ್ಭ. 2022ರ ಡಿಸೆಂಬರ್‌ನಲ್ಲಿ ಗಡಿ ವಿವಾದ ಮತ್ತೆ ಕಾವೇರಿತು. ಬೆಳಗಾವಿ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ ಮೇಲೆ ವಿಡಿಯೋ. ‘ನಾವೂ ತೋರಿಸಬೇಕು’ ಅಂತ ಒಬ್ಬರು. ಆಗ ಗುಂಪಿನ ಹಿರಿಯರೊಬ್ಬರು ಬರೆದರು: “ನಾಳೆ ಬೆಳಿಗ್ಗೆವರೆಗೆ ಯಾರೂ ಏನೂ ಫಾರ್ವರ್ಡ್ ಮಾಡಬ್ಯಾಡ್ರಿ. ಮೊದಲು ಹೇಳ್ರಿ, ಯಾರರೆ ಊರಿಗೆ ಹೊಂಟೀರೇನು?” ಎರಡು ಕುಟುಂಬ ಹೊರಟಿದ್ದವು, ಎಂಎಚ್ ನಂಬರಿನ ಕಾರಿನಲ್ಲಿ, ಮಕ್ಕಳ ಜೊತೆ, ಬೆಳಗಾವಿ ದಾಟಿ ಹುಬ್ಬಳ್ಳಿಗೆ. ಅವರು ಪ್ರಯಾಣ ಮುಂದೆ ಹಾಕಿದರು. ಆ ಹಿರಿಯರು ಯಾರಿಗೂ ಹೆದರಿ ಸುಮ್ಮನಾಗಲಿಲ್ಲ. ಸಿಟ್ಟಿನಲ್ಲಿ ನಮಗೆ ಕಾಣದೇ ಹೋದ ಎರಡು ಕಾರುಗಳು ಅವರಿಗೆ ಕಂಡವು.

ಸರ್ವರ್ ಸುಸ್ತಾದಾಗ ನಾವು ಕ್ಲೈಂಟ್‌ಗೆ ಏನು ಕಲಿಸ್ತೀವಿ? ತಕ್ಷಣ ಮತ್ತೆ ಬಡೀಬೇಡ. 1 ಸೆಕೆಂಡ್ ಕಾಯಿ, ಆಮೇಲೆ 2, ಆಮೇಲೆ 4, 8. ಎಲ್ಲರೂ ಒಟ್ಟಿಗೆ ನುಗ್ಗಿದರೆ ಎದ್ದೇಳ್ತಿರೋ ಸರ್ವರ್ ಮತ್ತೆ ಬೀಳುತ್ತೆ. ಊರೂ ಹಾಗೇ.

ಇದಕ್ಕೆ ಕನ್ನಡದಲ್ಲಿ ಎಷ್ಟು ಚೆಂದದ ಕ್ರಿಯಾಪದ ಇದೆ ನೋಡಿ: ಕಾಯು. ಬಸ್ಸಿಗೆ ಕಾಯ್ತೀವಿ, ಹೊಲ ಕಾಯ್ತೀವಿ. ತಡೆದು ನಿಲ್ಲೋದು, ರಕ್ಷಿಸೋದು ಎರಡಕ್ಕೂ ಒಂದೇ ಮಾತು.

ಹಾಗಾಗಿ ಇನ್ನೊಮ್ಮೆ ಯಾರಾದರೂ ‘ಸಂಯಮ ಇರಲಿ’ ಅಂದಾಗ ಎರಡು ಪ್ರಶ್ನೆ ಕೇಳ್ಕೊಳ್ಳಿ. ಲಗಾಮು ಯಾರ ಕೈಯಲ್ಲಿದೆ? ನಾನು ಕಾದರೆ ಯಾರನ್ನು ಕಾದ ಹಾಗಾಗುತ್ತೆ? ಉತ್ತರ ಸಿಕ್ಕರೆ ಕಾಯಿರಿ. ಸಿಗದಿದ್ದರೆ ಮಾತಾಡಿ, ತೂಕವಾಗಿ ಮಾತಾಡಿ.

ನಿಮ್ಮ ಊರ ಕಡೆ ಸಂಯಮಕ್ಕೆ ಬೇರೆ ಯಾವ ಮಾತಿದೆ, ಬರೆದು ತಿಳಿಸಿ.