ಅಂಬಿನ ಅಲಗು



ತುಮಕೂರಿನ ಮಗ್ಗುಲಲ್ಲಿರುವ ಸತ್ಯಮಂಗಲದಿಂದ ದೇವರಾಯನದುರ್ಗದ ಕಾಡು ಬಹು ದೂರವಲ್ಲ. ಆ ಬೆಟ್ಟದ ತಪ್ಪಲಲ್ಲಿ ನಾಮದ ಚಿಲುಮೆ ಎಂಬ ಒರತೆಯುಂಟು. ಹಣೆಗೆ ನಾಮವಿಡಲು ನೀರು ದೊರೆಯದಿರಲು ಶ್ರೀರಾಮನು ಬಂಡೆಗೆ ಬಾಣವನ್ನೆಸೆದು ನೀರು ಚಿಮ್ಮಿಸಿದನೆಂದು ಸ್ಥಳಪುರಾಣವು ಹೇಳುತ್ತದೆ. ರಾಮಬಾಣಕ್ಕೆ ಬಂಡೆಯೂ ತಡೆಯಲ್ಲ. ಮನುಷ್ಯರ ಬಾಣಕ್ಕಾದರೋ ಮೃಗದ ತೊಗಲೇ ದೊಡ್ಡ ತಡೆ. ಆದುದರಿಂದ ಹಿರಿಯ ಮೃಗಗಳನ್ನು ಬೇಟೆಯಾಡುವವನು ಎಂಥ ಅಲಗನ್ನು ಆರಿಸಬೇಕೆಂಬುದು ಹಿಂದಿನಿಂದಲೂ ಗಹನವಾದ ವಿಚಾರವಾಗಿ ಬಂದಿದೆ.

ಕೋವಿಯ ಗುಂಡು ತನ್ನ ವೇಗದಿಂದಲೇ ಮೃಗವನ್ನು ಕೆಡಹಬಲ್ಲುದು. ಅಂಬಿಗೆ ಆ ವೇಗವಿಲ್ಲ. ಅದು ಕೊಲ್ಲುವುದು ಕೊಯ್ದು. ರಕ್ತನಾಳಗಳನ್ನೂ ಶ್ವಾಸಕೋಶವನ್ನೂ ಸೀಳಿ. ನಮ್ಮ ಹಳಗನ್ನಡದಲ್ಲಿ ಬಾಣಕ್ಕೆ ಕೂರಂಬು, ಕೂರ್ಗಣೆ ಎಂಬ ಮಾತುಗಳಿರುವುದು ಸಾರ್ಥಕವಾಗಿದೆ. ಹರಿತವೇ ಬಾಣದ ಪ್ರಾಣ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಪ್ರಕರಣವು ಬಾಣದ ಮೊನೆಗಳನ್ನು ಕತ್ತರಿಸುವುದು, ಭೇದಿಸುವುದು, ಹೊಡೆಯುವುದು ಎಂಬ ಮೂರು ಕೆಲಸಗಳಿಗೆ ವಿಂಗಡಿಸಿ, ಅವನ್ನು ಕಬ್ಬಿಣ, ಎಲುಬು, ಮರಗಳಿಂದ ಮಾಡಬೇಕೆನ್ನುತ್ತದೆ. ಮೊಂಡು ಮೊನೆ ಹಕ್ಕಿಗೆ ಸಾಕು. ಸೂಜಿಯಂಥ ಮೊನೆ ಕವಚಕ್ಕೆ ತಕ್ಕುದು. ಕಡವೆ, ಕಾಡುಹಂದಿಗಳಿಗೆ ಬೇಕಾದುದು ಕತ್ತರಿಸುವ ಅಲಗು.

ಇಲ್ಲಿಯೇ ತೊಡಕಿರುವುದು. ಅಲಗು ಅಗಲವಾದಷ್ಟೂ ಗಾಯ ದೊಡ್ಡದು. ಆದರೆ ತೊಗಲಿನ ತಡೆಯೂ ಹೆಚ್ಚು. ಅದಲ್ಲದೆ ಗಾಳಿ ಅದನ್ನು ಪಕ್ಕಕ್ಕೆಳೆಯುವುದರಿಂದ ಗರಿಯನ್ನು ಹಿರಿದಾಗಿ ಕಟ್ಟಬೇಕು. ಬಿಲ್ಲು ಬಲಹೀನವಾಗಿದ್ದರೆ ಅಗಲವಾದ ಅಲಗು ಆಳಕ್ಕಿಳಿಯದೆ ನಿಲ್ಲುತ್ತದೆ. ತೀರ ಕಿರಿದಾದುದು ಆಳಕ್ಕೆ ಹೋದರೂ ಗಾಯ ಕೂಡಿಕೊಂಡು ನೆತ್ತರ ಜಾಡು ತಪ್ಪುತ್ತದೆ. ಅಮೆರಿಕದ ಹೆಸರಾಂತ ಬಿಲ್ಲುಗಾರ ಹೋವರ್ಡ್ ಹಿಲ್, ಅಗಲದ ಮೂರರಷ್ಟು ಉದ್ದವಾದ, ಇಕ್ಕೆಲದಲ್ಲಿಯೂ ಧಾರೆಯುಳ್ಳ ಅಲಗೇ ಮೇಲೆಂದರು. ಭುಜದಲ್ಲಿ ದಪ್ಪ ತೊಗಲಿನ ಗುರಾಣಿಯನ್ನೇ ಹೊತ್ತ ಗಂಡುಹಂದಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಉಕ್ಕಿನ ಹದವೂ ಮುಖ್ಯ: ಮೆದುವಾದರೆ ಎಲುಬಿಗೆ ತಾಗಿ ಬಾಗುತ್ತದೆ, ಗಡುಸಾದರೆ ಮುರಿಯುತ್ತದೆ.

ಲೋಹಕ್ಕಿಂತ ಧಾರೆಯೇ ಹಿರಿದೆಂಬುದಕ್ಕೆ ಒಂದು ನಿದರ್ಶನವುಂಟು. 1911ರಲ್ಲಿ ಕ್ಯಾಲಿಫೋರ್ನಿಯದ ಕಾಡಿನಿಂದ ನಾಡಿಗೆ ಬಂದ ಇಶಿ ಎಂಬ ಆದಿವಾಸಿಯಿಂದ ಬಿಲ್ಲುವಿದ್ಯೆ ಕಲಿತ ವೈದ್ಯ ಸ್ಯಾಕ್ಸ್ಟನ್ ಪೋಪ್, ಗಾಜಿನಂಥ ಕಲ್ಲಿನ ಅಲಗು ಉಕ್ಕಿನದಕ್ಕಿಂತ ಆಳವಾಗಿ ನಾಟುವುದನ್ನು ಪರೀಕ್ಷಿಸಿ ಕಂಡರು.

ಇನ್ನೊಂದು ಮಾತು. ಹಿಂದಕ್ಕೆ ಬಾಗಿದ ಕಿವಿಗಳುಳ್ಳ ಬಾಣಕ್ಕೆ ಕರ್ಣಿಯೆಂದು ಹೆಸರು. ನಾಟಿದ ಮೇಲೆ ಅದು ಹೊರಬರುವುದಿಲ್ಲ. ಅಂಥ ಬಾಣವನ್ನೂ ವಿಷಬಾಣವನ್ನೂ ಮನುಸ್ಮೃತಿಯ ಏಳನೆಯ ಅಧ್ಯಾಯವು ಯುದ್ಧದಲ್ಲಿಯೇ ನಿಷೇಧಿಸಿದೆ. ಎದುರು ನಿಂತು ಹೋರಾಡುವ ಶತ್ರುವಿಗೇ ಇಷ್ಟು ಕರುಣೆ ಸಲ್ಲುವುದಾದರೆ, ಮೇಯುತ್ತಿರುವ ಮೂಕಮೃಗಕ್ಕೆ ಎಷ್ಟು ಸಲ್ಲಬೇಕು? ಗುರಿ ತಪ್ಪಿದರೆ ಬೇಟೆಗಾರನಿಗೆ ಆಗುವುದು ಒಂದು ಬಾಣದ ನಷ್ಟ. ಅಲಗು ತಪ್ಪಿದರೆ ಮೃಗಕ್ಕೆ ದಿನಗಟ್ಟಲೆ ಯಾತನೆ.

ಇಂದು ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನವೂ ಅದಕ್ಕೆ 1991ರಲ್ಲಾದ ತಿದ್ದುಪಡಿಯೂ ವಿನೋದದ ಬೇಟೆಯನ್ನು ಮುಗಿಸಿವೆ. ಅದು ಒಳ್ಳೆಯದೇ ಆಯಿತು. ದೇವರಾಯನದುರ್ಗದ ಜಿಂಕೆಗೆ ಈಗ ಯಾವ ಅಲಗು ತಕ್ಕುದೆಂದು ಕೇಳಿದರೆ, ಯಾವುದೂ ಅಲ್ಲವೆಂಬುದೇ ಉತ್ತರ. ಆದರೂ ಕಿರಾತಾರ್ಜುನರ ಕಥೆಯಲ್ಲಿ ಹಂದಿಗೆ ನಾಟಿದ ಎರಡು ಬಾಣಗಳನ್ನು ಕುರಿತು ಓದುವಾಗ, ವೀರಗಲ್ಲಿನ ಬಿಲ್ಲುಗಾರನನ್ನು ನೋಡುವಾಗ, ಆ ಅಲಗಿನ ಹಿಂದೆ ಒಬ್ಬ ಕಮ್ಮಾರನ ಹದವೂ ಒಬ್ಬ ಬೇಟೆಗಾರನ ವಿವೇಕವೂ ಇದ್ದುವೆಂಬುದನ್ನು ನೆನೆಯೋಣ. ಇನ್ನೊಂದು ಜೀವದ ನೋವು ತನ್ನ ಕೈಯಲ್ಲಿರುವಾಗ ಸಾಧನವನ್ನು ಎಚ್ಚರದಿಂದ ಆರಿಸಬೇಕೆಂಬ ಪಾಠಕ್ಕೆ ಕಾಡೇ ಬೇಕೆಂದಿಲ್ಲ.