ಹಲ್ಲು ನೋವು ತಾನಾಗೇ ನಿಂತ್ರೆ ಖುಷಿ ಪಡಬೇಡಿ

ನಾನು ಬಾಯಿ ಮತ್ತು ದವಡೆಯ ಸರ್ಜನ್. ಹಲ್ಲು ಕೀಳೋದರಿಂದ ಹಿಡಿದು ಮುರಿದ ದವಡೆ ಕೂಡಿಸೋವರೆಗೆ ನಮ್ಮ ಕೆಲಸ. ಒಂದು ಹುಳುಕು ಹಲ್ಲಿನ ಸೋಂಕು ದವಡೆ ಮೂಳೆಗೆ ಹೇಗೆ ಇಳಿಯತ್ತೆ, ಇಳಿದ ಮೇಲೆ ಏನಾಗತ್ತೆ ಅನ್ನೋದು ಇವತ್ತಿನ ವಿಷಯ.

ಓಪಿಡಿಗೆ ಬರೋರು "ತುಂಬಾ ನೋಯ್ತಿದೆ ಡಾಕ್ಟ್ರೇ" ಅಂದ್ರೆ ನನಗೆ ಅಷ್ಟು ಭಯ ಆಗಲ್ಲ. "ಮೂರು ತಿಂಗಳ ಹಿಂದೆ ಜೀವ ಹೋಗೋ ಹಾಗೆ ನೋಯ್ತಿತ್ತು, ಆಮೇಲೆ ತಾನಾಗೇ ನಿಂತುಹೋಯ್ತು" ಅಂದ್ರೆ ಮಾತ್ರ ಟಾರ್ಚ್ ಹಿಡಿದು ಸರಿಯಾಗಿ ನೋಡ್ತೀನಿ.

ಯಾಕೆ ಅಂದ್ರೆ, ಹಲ್ಲಿನ ಹೊರಗೆ ಗಟ್ಟಿ ಎನಾಮೆಲ್ ಇದೆ, ಅದರ ಕೆಳಗೆ ಡೆಂಟಿನ್. ಎಲ್ಲಕ್ಕಿಂತ ಒಳಗೆ ಮೆತ್ತಗಿನ ತಿರುಳು, ಅಂದ್ರೆ ಪಲ್ಪ್. ಜನ ಅದನ್ನ 'ನರ' ಅಂತಾರೆ. ನರದ ಜೊತೆ ರಕ್ತನಾಳಗಳೂ ಅಲ್ಲೇ ಇವೆ. ಬ್ಯಾಕ್ಟೀರಿಯಾ ಹಲ್ಲನ್ನ ಕೊರೀತಾ ತಿರುಳು ಮುಟ್ಟಿದಾಗ ಅದು ಊದಿಕೊಳ್ಳತ್ತೆ. ಆದರೆ ಸುತ್ತ ಗಟ್ಟಿ ಗೋಡೆ, ಊದೋಕೆ ಜಾಗ ಇಲ್ಲ. ರಾತ್ರಿ ಮಲಗೋಕೆ ಬಿಡದ ಆ ನೋವು ಬರೋದು ಇಲ್ಲಿಂದ. ಕೊನೆಗೆ ಒತ್ತಡಕ್ಕೆ ರಕ್ತ ಓಡಾಟ ನಿಂತು ತಿರುಳು ಸಾಯತ್ತೆ. ಸತ್ತ ನರ ನೋವು ಹೇಳಲ್ಲ. ನೀವು "ಅಬ್ಬಾ, ವಾಸಿ ಆಯ್ತು" ಅಂದ್ಕೋತೀರಿ. ಬ್ಯಾಕ್ಟೀರಿಯಾ ಮಾತ್ರ ಅಲ್ಲೇ ಇರತ್ತೆ. ಬೇರಿನ ತುದಿಯಲ್ಲಿರೋ ಸಣ್ಣ ತೂತಿನಿಂದ ಮೂಳೆಗೆ ಇಳಿಯತ್ತೆ.

ಅಲ್ಲಿ ಕೀವು ಕಟ್ಟಿದ ಮೇಲೆ ಅದು ಹೊರಗೆ ಬರೋಕೆ ದಾರಿ ಹುಡುಕತ್ತೆ. ಕೆಲವರಿಗೆ ವಸಡಿನ ಮೇಲೆ ಒಂದು ಗುಳ್ಳೆ ಬರತ್ತೆ, ಒಡೆದು ಕೀವು ಹೋಗತ್ತೆ, ಮತ್ತೆ ತುಂಬ್ಕೊಳ್ಳತ್ತೆ. ಕೆಲವರಿಗೆ ಮೂಳೆಯ ಮೇಲಿನ ಪೊರೆ ಉರಿಯೂತಕ್ಕೆ ಸಿಕ್ಕಿ ಕೆನ್ನೆ ಊದತ್ತೆ. ಇದು ಪೆರಿಯಾಸ್ಟೈಟಿಸ್. ಇನ್ನು ಕೆಲವರಲ್ಲಿ ಸೋಂಕು ಹೊರಗೆ ಬರದೆ ಮೂಳೆಯ ಒಳಗಿನ ಮಜ್ಜೆಯಲ್ಲೇ ಹರಡತ್ತೆ. ಅದೇ ಆಸ್ಟಿಯೋಮೈಲೈಟಿಸ್.

ಇದು ಮೇಲಿನ ದವಡೆಗಿಂತ ಕೆಳದವಡೆಯಲ್ಲಿ ಜಾಸ್ತಿ. ಮೇಲಿನ ದವಡೆಯ ಮೂಳೆ ತೆಳು, ಅದಕ್ಕೆ ಹಲವು ಕಡೆಯಿಂದ ರಕ್ತ ಬರತ್ತೆ. ಕೆಳದವಡೆಯ ಮೂಳೆ ದಪ್ಪ, ಗಟ್ಟಿ. ಒಳಗಿನ ಭಾಗಕ್ಕೆ ಮುಖ್ಯವಾಗಿ ಒಂದೇ ರಕ್ತನಾಳ. ಒಳಗೆ ಕೀವಿನ ಒತ್ತಡ ಏರಿದರೆ ಆ ದಾರಿ ಮುಚ್ಚಿಹೋಗತ್ತೆ. ರಕ್ತ ಸಿಗದ ಮೂಳೆಯ ತುಂಡು ಸಾಯತ್ತೆ. ಬದುಕಿರೋ ಮೂಳೆಯ ನಡುವೆ ಆ ಸತ್ತ ತುಂಡು ಬೇರೆಯಾಗಿ ನಿಲ್ಲತ್ತೆ. ಅದಕ್ಕೆ ನಾವು ಸೀಕ್ವೆಸ್ಟ್ರಮ್ ಅಂತೀವಿ.

ಇವತ್ತು ಒಂದೇ ಮಾತು ನೆನಪಿಟ್ಕೊಳ್ಳಿ: ರಕ್ತ ಹೋಗದ ಜಾಗಕ್ಕೆ ಔಷಧಿನೂ ಹೋಗಲ್ಲ. ನೀವು ನುಂಗಿದ ಆ್ಯಂಟಿಬಯೋಟಿಕ್ ರಕ್ತದಲ್ಲೇ ತಾನೇ ಓಡಾಡಬೇಕು? ಸತ್ತ ತಿರುಳಿಗೆ ರಕ್ತ ಇಲ್ಲ, ಸತ್ತ ಮೂಳೆಗೂ ಇಲ್ಲ. ಅದಕ್ಕೇ ಮಾತ್ರೆ ನುಂಗಿದಾಗ ಊತ ಇಳಿಯತ್ತೆ, ನಿಲ್ಲಿಸಿದ ಮೇಲೆ ತಿರುಗಿ ಬರತ್ತೆ. ಮೂಲ ಹಾಗೇ ಉಳಿದಿರತ್ತೆ. ಆ ಹಲ್ಲಿಗೆ ರೂಟ್ ಕೆನಾಲ್ ಆಗಬೇಕು, ಇಲ್ಲ ಅದನ್ನ ಕೀಳಿಸಬೇಕು.

ಒಬ್ಬ ಹುಡುಗನ ವಿಷಯ ಹೇಳ್ತೀನಿ. ಇಪ್ಪತ್ಮೂರು ವರ್ಷ, ಬೈಕ್‌ನಲ್ಲಿ ಊಟ ಡೆಲಿವರಿ ಮಾಡ್ತಿದ್ದ. ರಜೆ ಹಾಕಿದರೆ ಆ ದಿನದ ದುಡ್ಡು ಹೋಯ್ತು. ಕೆಳಗಿನ ದವಡೆ ಹಲ್ಲು ನೋವು ಬಂದಾಗಲೆಲ್ಲ ಮೆಡಿಕಲ್ ಶಾಪ್‌ನಲ್ಲಿ ಎರಡು ಮಾತ್ರೆ ತಗೊಂಡು ಗಾಡಿ ಹತ್ತುತ್ತಿದ್ದ. ಹೀಗೇ ನಾಲ್ಕೈದು ತಿಂಗಳು. ನನ್ನ ಹತ್ರ ಬಂದಿದ್ದು ನೋವಿಗಲ್ಲ. "ಶೇವ್ ಮಾಡುವಾಗ ಗದ್ದ ಕುಯ್ಕೊಂಡೆ ಸರ್, ರಕ್ತ ಸುರಿದ ಮೇಲೇ ಗೊತ್ತಾಗಿದ್ದು" ಅಂದ. ಕೆಳತುಟಿಯ ಒಂದು ಪಕ್ಕ ಪೂರ್ತಿ ಮರಗಟ್ಟಿತ್ತು. ಕೆಳದವಡೆಯ ಒಳಗೆ ಹಾದು ಹೋಗೋ ನರವೇ ತುಟಿಗೂ ಗದ್ದಕ್ಕೂ ಸ್ಪರ್ಶ ಕೊಡೋದು. ಸೋಂಕು ಆ ನರದವರೆಗೆ ಹೋಗಿತ್ತು. ಪರೀಕ್ಷೆ ಮಾಡಿಸಿದಾಗ ಶುಗರ್ ಕೂಡ ಜಾಸ್ತಿ ಇತ್ತು, ಅವನಿಗೆ ಅದು ಗೊತ್ತೇ ಇರಲಿಲ್ಲ. ಎರಡು ಹಲ್ಲು, ಜೊತೆಗೆ ಒಂದು ಚೂರು ಮೂಳೆ ತೆಗೆದ್ವಿ. ಒಂದು ದಿನದ ರಜೆ ಉಳಿಸೋಕೆ ಹೋಗಿ ಒಂದೂವರೆ ತಿಂಗಳ ದುಡಿಮೆ ಹೋಯ್ತು. ಅವನನ್ನ ಬೈಯೋಕೆ ನನಗೆ ಬಾಯಿ ಬರಲಿಲ್ಲ. ಬಾಡಿಗೆ ಕಟ್ಟಬೇಕಾದೋನ ಲೆಕ್ಕ ಹಾಗೇ ಇರತ್ತೆ.

ಹೆದರಿಸ್ತಿಲ್ಲ. ಹುಳುಕು ಹಲ್ಲಿರೋ ಎಲ್ಲರಿಗೂ ಹೀಗಾಗಲ್ಲ. ಆರೋಗ್ಯವಂತರ ದೇಹ ಸಾಮಾನ್ಯವಾಗಿ ಸೋಂಕನ್ನ ಬೇರಿನ ತುದಿಯಲ್ಲೇ ತಡೆದು ಹಿಡಿಯತ್ತೆ. ಹತೋಟಿಯಲ್ಲಿಲ್ಲದ ಶುಗರ್, ಅಪೌಷ್ಟಿಕತೆ, ಬೀಡಿ-ಸಿಗರೇಟ್, ಕೀಮೋಥೆರಪಿ, ದವಡೆ ಭಾಗಕ್ಕೆ ರೇಡಿಯೇಷನ್ ಇದ್ದವರಿಗೆ ಅಪಾಯ ಜಾಸ್ತಿ. ಮನೆಯಲ್ಲಿ ಅಜ್ಜಿಯೋ ಅಮ್ಮನೋ ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತಗೋತಿದ್ದರೆ, ಹಲ್ಲು ಕೀಳಿಸೋ ಮೊದಲು ಡೆಂಟಿಸ್ಟ್‌ಗೆ ಅದನ್ನ ಹೇಳಲೇಬೇಕು. ಅಂಥ ಕೆಲವು ಔಷಧಿಗಳಿಂದ ದವಡೆ ಮೂಳೆ ಮಾಯೋದು ಕಷ್ಟ ಆಗಬಹುದು.

ಮಕ್ಕಳ ಬಗ್ಗೆನೂ ಒಂದು ಮಾತು. ಆರು ವರ್ಷದ ಹೊತ್ತಿಗೆ ಹಿಂದೆ ಬರೋ ದವಡೆ ಹಲ್ಲು ಹಾಲು ಹಲ್ಲಲ್ಲ, ಶಾಶ್ವತ ಹಲ್ಲು. "ಬಿದ್ದು ಹೋಗೋ ಹಲ್ಲು ತಾನೇ" ಅಂತ ಬಿಟ್ಟುಬಿಡ್ತಾರೆ. ಅದು ಹುಳುಕಾದಾಗ ಕೆಲವು ಮಕ್ಕಳಲ್ಲಿ ಕೆಳದವಡೆಯ ಅಂಚು ಕಲ್ಲಿನ ಹಾಗೆ ಗಟ್ಟಿಯಾಗಿ ಊದತ್ತೆ, ನೋವು ಅಷ್ಟಾಗಿ ಇರಲ್ಲ. ಪೊರೆಯ ಕೆಳಗೆ ಹೊಸ ಮೂಳೆ ಪದರ ಪದರವಾಗಿ ಬೆಳೀತಿರತ್ತೆ. ಹಲ್ಲಿಗೆ ಚಿಕಿತ್ಸೆ ಆದ ಮೇಲೆ ಆ ಊತ ಸಾಮಾನ್ಯವಾಗಿ ನಿಧಾನಕ್ಕೆ ಇಳಿಯತ್ತೆ.

ಈಗ, ಯಾವಾಗ ತಡ ಮಾಡಬಾರದು? ಕೆಳತುಟಿ ಮರಗಟ್ಟಿದರೆ, ಒಂದೇ ಕಡೆಯ ಹಲ್ಲುಗಳು ಅಲ್ಲಾಡಿದರೆ, ವಸಡಿನಿಂದಲೋ ಚರ್ಮದಿಂದಲೋ ಕೀವು ಬರ್ತಾನೇ ಇದ್ದರೆ, ಹಲ್ಲು ಕಿತ್ತ ಜಾಗ ವಾರಗಟ್ಟಲೆ ಮಾಯದಿದ್ದರೆ ಡೆಂಟಿಸ್ಟ್ ಹತ್ರ ಹೋಗಿ. ಊತದ ಜೊತೆ ಜ್ವರ ಇದ್ದರೆ, ಬಾಯಿ ತೆಗೆಯೋಕೆ ಆಗದಿದ್ದರೆ, ನುಂಗೋಕೆ, ಉಸಿರಾಡೋಕೆ ಕಷ್ಟ ಆದರೆ, ನಾಲಿಗೆ ಕೆಳಗೆ ಅಥವಾ ಕುತ್ತಿಗೆಗೆ ಊತ ಇಳಿದರೆ ಬೆಳಗಾಗಲಿ ಅಂತ ಕಾಯಬೇಡಿ. ನೇರ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಇದು ಪ್ರಾಣದ ವಿಷಯ.

"ಎಕ್ಸ್‌ರೇ ಮಾಡಿಸಿದ್ವಿ, ಏನೂ ಇಲ್ಲ ಅಂದ್ರು" ಅಂತಲೂ ಬರ್ತಾರೆ. ಮೂಳೆಯ ಖನಿಜಾಂಶ ಸುಮಾರು ಶೇ 30ರಿಂದ 50ರಷ್ಟು ಕರಗೋವರೆಗೆ ಎಕ್ಸ್‌ರೇನಲ್ಲಿ ಅದು ಕಾಣಲ್ಲ. ಮೊದಲ ಒಂದೆರಡು ವಾರ ಚಿತ್ರ ಚೆನ್ನಾಗೇ ಇರಬಹುದು. ತೊಂದರೆ ಮುಂದುವರಿದರೆ ಮತ್ತೆ ತೋರಿಸಿ, ಸಿಟಿ ಸ್ಕ್ಯಾನ್ ಬೇಕಾಗಬಹುದು. ಮೂಳೆಗೆ ಹರಡಿದ್ದರೆ ಕೀವು ತೆಗೆದು ಲ್ಯಾಬ್‌ಗೆ ಕಳಿಸ್ತೀವಿ, ಯಾವ ಬ್ಯಾಕ್ಟೀರಿಯಾ ಅಂತ ನೋಡಿ ಔಷಧಿ ಕೊಡ್ತೀವಿ. ಕೋರ್ಸ್ ಹಲವು ವಾರ ನಡೆಯತ್ತೆ. ಸತ್ತ ಮೂಳೆ ಇದ್ದರೆ ಸರ್ಜರಿ ಮಾಡಿ ತೆಗೀತೀವಿ.

ಅಲ್ಲಿವರೆಗೆ ಮನೆಯಲ್ಲಿ ಏನು ಮಾಡಬಾರದು? ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಬೇಡ. ವಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಡಬೇಡಿ, ಚರ್ಮ ಸುಡತ್ತೆ. ಕಡ್ಡಿಪುಡಿ ಖಂಡಿತ ಬೇಡ. ಲವಂಗದಿಂದ ಸ್ವಲ್ಪ ಹೊತ್ತು ನೋವು ಕಮ್ಮಿ ಆಗಬಹುದು, ಸೋಂಕು ಹೋಗಲ್ಲ. ಯಾರಿಗೋ ಬರೆದುಕೊಟ್ಟ ಆ್ಯಂಟಿಬಯೋಟಿಕ್ ನೀವು ನುಂಗಬೇಡಿ. ನಿಮಗೇ ಬರೆದುಕೊಟ್ಟಿದ್ದರೆ ನಿಮ್ಮಷ್ಟಕ್ಕೆ ಅರ್ಧಕ್ಕೆ ಬಿಡಬೇಡಿ. ಹಾಗೇ, ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗತ್ತೆ ಅನ್ನೋದು ಸುಳ್ಳು.

ಖರ್ಚಿನ ಚಿಂತೆ ಇದ್ದರೆ ಹತ್ತಿರದ ಡೆಂಟಲ್ ಕಾಲೇಜಿನ ಓಪಿಡಿಗೆ ಹೋಗಿ. ಅಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಮ್ಮಿ. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜೇ ಇದೆ. ಕ್ಯೂ ಇರತ್ತೆ, ಅರ್ಧ ದಿನ ಹೋಗಬಹುದು.

ಇದನ್ನ ಕೇಳ್ತಿರೋ ನಿಮ್ಮಲ್ಲಿ ಯಾರಿಗಾದರೂ ಹಿಂದೊಮ್ಮೆ ಜೋರಾಗಿ ನೋಯ್ತಿದ್ದು ಈಗ ಸುಮ್ಮನಿರೋ ಹಲ್ಲು ಇದ್ದರೆ, ಈ ವಾರವೇ ತೋರಿಸ್ಕೊಳ್ಳಿ. ಈಗ ಒಂದು ಹಲ್ಲಿನ ಚಿಕಿತ್ಸೆಯಲ್ಲಿ ಮುಗಿಯೋ ಕೆಲಸ ಅದು. ಪ್ರಶ್ನೆ ಇದ್ದರೆ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಉತ್ತರ ಹೇಳ್ತೀನಿ.